ಅಲೋಶಿಯಸ್ ಚಾಪೆಲ್‌ನ ಬಣ್ಣ ಮಳೆಗೆ ಯಾಕೆ ಹೋಗಲಿಲ್ಲ?

ಪ್ರಶ್ನೆ: ಸರ್, ನಾನು ಉಡುಪಿ ಹತ್ತಿರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್. ಕಳೆದ ತಿಂಗಳು ಮಕ್ಕಳನ್ನು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಕರೆದುಕೊಂಡು ಹೋಗಿದ್ದೆ. ಒಬ್ಬರು ಅದು ಪೂರ್ತಿ ಫ್ರೆಸ್ಕೊ, ಅಂದರೆ ಹಸಿ ಸಾರಣೆಯ ಮೇಲೆ ಬರೆದ ಚಿತ್ರ, ಅಂದರು. ಇನ್ನೊಬ್ಬರು ಅಲ್ಲ, ಕ್ಯಾನ್ವಾಸ್ ಅಂದರು. ಪೋರ್ಚುಗೀಸರು ಕಟ್ಟಿದ್ದು ಅಂತಲೂ ಯಾರೋ ಹೇಳಿದರು. ಅಷ್ಟರಲ್ಲಿ ಹುಡುಗನೊಬ್ಬ ಕೇಳಿದ: "ನಮ್ಮನೆ ಗೋಡೆಯ ಪೇಂಟ್ ಎರಡು ಮಳೆಗಾಲ ನಿಲ್ಲುವುದಿಲ್ಲ, ಇದು ನೂರು ವರ್ಷ ಹೇಗೆ ನಿಂತಿತು ಟೀಚರ್?" ನನಗೆ ಉತ್ತರ ಗೊತ್ತಿರಲಿಲ್ಲ. ಡಿಸೆಂಬರಿನಲ್ಲಿ ಇನ್ನೊಂದು ಬ್ಯಾಚ್ ಕರೆದುಕೊಂಡು ಹೋಗುವುದಿದೆ. ಸ್ವಲ್ಪ ವಿವರವಾಗಿ ಹೇಳ್ತೀರಾ?

ಉತ್ತರ: ಟೀಚರ್, ಮೊದಲು ಆ ಹುಡುಗನಿಗೆ ನನ್ನದೊಂದು ಶಹಬ್ಬಾಸ್ ಹೇಳಿ. ಹಳೆ ಕಟ್ಟಡಗಳ ರಿಪೇರಿ ಮಾಡಿಸುತ್ತಲೇ ನನ್ನ ಮೂವತ್ತು ವರ್ಷ ಕಳೆದಿದೆ. ಚಾಪೆಲ್ ನೋಡಿ ಬಂದವರು ಚಿತ್ರ ಬರೆದದ್ದು ಯಾರು, ಎಷ್ಟು ಸಮಯ ಹಿಡಿಯಿತು ಅಂತ ಕೇಳುತ್ತಾರೆ. ಗೋಡೆಯ ವಿಷಯ ಕೇಳುವವರು ಕಡಿಮೆ. ನಾನು ಮಾತ್ರ ಅಲ್ಲಿಗೆ ಹೋದಾಗಲೆಲ್ಲ ಮೊದಲು ಗೋಡೆಯ ಬುಡ ನೋಡುತ್ತೇನೆ, ಆಮೇಲೆ ಮೇಲಿನ ಹಂಚಿನ ಮಾಡು ನೋಡುತ್ತೇನೆ, ಕೊನೆಗೆ ಚಿತ್ರ. ಚಿತ್ರಕಾರರು ಕ್ಷಮಿಸಬೇಕು, ಆದರೆ ನಿಮ್ಮ ಹುಡುಗನ ಪ್ರಶ್ನೆಗೆ ಉತ್ತರ ಸಿಗುವುದು ಆ ಕ್ರಮದಲ್ಲೇ.

ಪೋರ್ಚುಗೀಸರ ಮಾತನ್ನು ಮೊದಲು ಮುಗಿಸಿಬಿಡೋಣ. ಚಾಪೆಲ್ ಅವರು ಕಟ್ಟಿದ್ದಲ್ಲ. ಆದರೆ ಜನ ಹಾಗೆ ಹೇಳುವುದಕ್ಕೆ ಕಾರಣ ಇದೆ. ನಮ್ಮ ಕರಾವಳಿಯಲ್ಲಿ ಚರ್ಚ್‌ಗೆ 'ಇಗರ್ಜಿ' ಅನ್ನುತ್ತೇವಲ್ಲ, ಆ ಶಬ್ದವೇ ಪೋರ್ಚುಗೀಸಿನ 'ಇಗ್ರೇಜಾ'ದಿಂದ ಬಂದದ್ದು. ಮಂಗಳೂರಿನ ರೊಜಾರಿಯೊ ಇಗರ್ಜಿ ಶುರುವಾದದ್ದು 1568ರಲ್ಲಿ, ಪೋರ್ಚುಗೀಸರ ಕಾಲದಲ್ಲೇ. ಹಂಪನಕಟ್ಟೆಯ ಮಿಲಾಗ್ರಿಸ್ 1680ರದ್ದು, ಕೆಳದಿಯ ರಾಣಿ ಚೆನ್ನಮ್ಮ ಕೊಟ್ಟ ಜಾಗದಲ್ಲಿ ಎದ್ದದ್ದು. ನಿಮ್ಮ ಕಡೆಯ ಕಲ್ಯಾಣಪುರದ ಮಿಲಾಗ್ರಿಸ್ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು.

ಹಾಗಂತ ಆ ಕಾಲದ ಗೋಡೆ ನೋಡಲು ಹೋದರೆ ನಿರಾಶೆ ಆಗುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನ ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಆಗ ಬಹುಪಾಲು ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ವಾಪಸ್ ಬಂದು ಒಂದೊಂದಾಗಿ ಮತ್ತೆ ಕಟ್ಟಿಕೊಂಡರು. ಮಿಲಾಗ್ರಿಸ್‌ನ ಮುಂಭಾಗವಂತೂ 1911ರಲ್ಲಿ ಇನ್ನೊಮ್ಮೆ ಕುಸಿಯಿತು. ಈಗ ನಾವು ಕಾಣುವುದು ಅದರ ನಂತರದ್ದು. ರೊಜಾರಿಯೊದ ಈಗಿನ ದೊಡ್ಡ ಗುಮ್ಮಟದ ಕಟ್ಟಡವೂ 20ನೇ ಶತಮಾನದ್ದೇ. ಊರು ಹಳೆಯದು, ಹೆಸರು ಹಳೆಯದು, ಗೋಡೆ ಮಾತ್ರ ಹೊಸದು. ನಮ್ಮ ಊರಿನ ಎಷ್ಟೋ ದೇವಸ್ಥಾನಗಳ ಕತೆಯೂ ಹೀಗೇ ಅಲ್ವಾ?

ಅಲೋಶಿಯಸ್ ಚಾಪೆಲ್‌ನ ದಾರಿ ಬೇರೆ. ಮಂಗಳೂರಿನ ಕಥೋಲಿಕರಿಗೆ ಒಂದು ಒಳ್ಳೆಯ ಕಾಲೇಜು ಬೇಕಿತ್ತು. ಬ್ರಿಟಿಷರ ಆಡಳಿತ, ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿ. ಓದಿದವನಿಗೆ ಕೆಲಸ ಸಿಗುವ ಕಾಲ ಅದು. ಶಾಲೆ ಕಾಲೇಜು ನಡೆಸುವುದರಲ್ಲಿ ಹೆಸರಾದ ಯೇಸುಸಭೆಯವರನ್ನು, ಅಂದರೆ ಜೆಸ್ವಿಟರನ್ನು, ಕಳಿಸಿಕೊಡಿ ಎಂದು ಇವರು ರೋಮ್‌ಗೆ ಬೇಡಿಕೆ ಇಟ್ಟರು. 1878ರ ಡಿಸೆಂಬರ್ 31ರಂದು ಜೆಸ್ವಿಟರ ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. 1880ರಲ್ಲಿ ಕಾಲೇಜು ಶುರುವಾಯಿತು. ಗುಡ್ಡದ ಜಾಗ ಕೊಟ್ಟವರು ಇಲ್ಲಿಯದೇ ಜಮೀನ್ದಾರರು, ಲಾರೆನ್ಸ್ ಲೋಬೊ ಪ್ರಭು. 1885ರ ಹೊತ್ತಿಗೆ ಕಾಲೇಜಿನ ಕಟ್ಟಡವೂ ಪಕ್ಕದ ಚಾಪೆಲ್ಲೂ ಎದ್ದು ನಿಂತವು.

ಆ ಗುಡ್ಡದ ಹೆಸರು ಮಕ್ಕಳಿಗೆ ಖಂಡಿತ ಹೇಳಿ: ಬಾವುಟಗುಡ್ಡೆ. 1837ರಲ್ಲಿ ಸುಳ್ಯ, ಪುತ್ತೂರು ಕಡೆಯಿಂದ ದಂಡೆದ್ದು ಬಂದ ರೈತರು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ್ದು ಅಲ್ಲೇ. ಹಾಗಾಗಿ 'ವಸಾಹತು ಕಾಲದ ಚರ್ಚ್' ಎಂದ ತಕ್ಷಣ ಬ್ರಿಟಿಷ್ ಸರಕಾರ ಕಟ್ಟಿಸಿದ್ದು ಅಂದುಕೊಳ್ಳಬೇಡಿ. ಬ್ರಿಟಿಷರು ತಮಗಾಗಿ ಕಟ್ಟಿಕೊಂಡದ್ದು ನೆಹರೂ ಮೈದಾನದ ಪಕ್ಕದ ಸೇಂಟ್ ಪಾಲ್ಸ್ ಚರ್ಚ್, 1843ರದ್ದು, ಅವರ ಸೈನ್ಯದವರ ಪ್ರಾರ್ಥನೆಗೆ. ಚಾಪೆಲ್ಲು ಊರವರ ಜಾಗದಲ್ಲಿ ಯುರೋಪಿನ ಪಾದ್ರಿಗಳು ಕಟ್ಟಿಸಿದ್ದು. ಕಲ್ಲು ಕೆತ್ತಿದ್ದು, ಸುಣ್ಣ ಅರೆದದ್ದು, ಮರ ಕೊಯ್ದದ್ದು ನಮ್ಮವರು.

ಇನ್ನೊಂದು ಸಣ್ಣ ವ್ಯತ್ಯಾಸ ಇದೆ. ಅದು ಇಗರ್ಜಿ ಅಲ್ಲ, ಚಾಪೆಲ್. ಇಗರ್ಜಿ ಅಂದರೆ ಅದಕ್ಕೊಂದು ವಾಳೆ (ಅದಕ್ಕೆ ಸೇರಿದ ಸುತ್ತಿನ ಮನೆಗಳ ಗುಂಪು), ಸ್ಮಶಾನ, ಹಬ್ಬ ಎಲ್ಲ ಇರುತ್ತವೆ. ಚಾಪೆಲ್ ಅಂದರೆ ಕಾಲೇಜಿನ ಪ್ರಾರ್ಥನಾ ಮನೆ ಅಷ್ಟೇ. ಹಾಗಾಗಿ ದೂರದಿಂದ ಕಾಣುವ ಎತ್ತರದ ಗೋಪುರದ ಆಡಂಬರ ಅದಕ್ಕೆ ಬೇಕಿರಲಿಲ್ಲ. ಹೊರಗಿನಿಂದ ನೋಡಿದರೆ ಅದೊಂದು ದೊಡ್ಡ ಹಂಚಿನ ಮನೆ. ಗೊತ್ತಿಲ್ಲದವರು ಹಾಗೇ ಮುಂದೆ ಹೋಗಿಬಿಡುತ್ತಾರೆ. ಒಳಗೆ ಕಾಲಿಟ್ಟಾಗ ಬಾಯಿ ತೆರೆದುಕೊಳ್ಳುವುದು ಅದಕ್ಕೇ.

ಈಗ ಗೋಡೆಗೆ ಬರುತ್ತೇನೆ.

ನಮ್ಮ ಕರಾವಳಿಯ ಹಳೆ ಕಟ್ಟಡ ಅಂದರೆ ಮೂರು ಸಾಮಾನು: ಮುರಕಲ್ಲು, ಸುಣ್ಣ, ಹಂಚು. ಮುರಕಲ್ಲಿಗೆ ಇಂಗ್ಲಿಷಿನವರು ಲ್ಯಾಟರೈಟ್ ಅನ್ನುತ್ತಾರೆ. ಆ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ ಈ ಭಾಗದಲ್ಲೆಲ್ಲ ಸುತ್ತಿದ ಸ್ಕಾಟಿಷ್ ವೈದ್ಯ. ಮಲಬಾರಿನಲ್ಲಿ ಜನ ನೆಲದಿಂದ ಮೆತ್ತಗಿನ ಕಲ್ಲನ್ನು ಇಟ್ಟಿಗೆಯ ಹಾಗೆ ಕಡಿದು ತೆಗೆಯುವುದನ್ನು ಕಂಡ. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ 'ಲೇಟರ್'. ಅದರಿಂದ ಲ್ಯಾಟರೈಟ್. ಕೋರೆಯಲ್ಲಿ ಇರುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಆದರೆ ಅದರ ಮೈತುಂಬ ತೂತು. ನೀರು ಕುಡಿಯುತ್ತದೆ, ಮತ್ತೆ ಬಿಡುತ್ತದೆ. ನಮ್ಮಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮೀರಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಅಂದರೆ ಗೋಡೆ ನಾಲ್ಕು ತಿಂಗಳು ನೀರು ಕುಡಿಯುತ್ತದೆ, ಉಳಿದ ಎಂಟು ತಿಂಗಳು ಅದನ್ನು ಬಿಡುತ್ತಾ ಇರುತ್ತದೆ. ಇದನ್ನು ತಡೆಯುವುದಕ್ಕೆ ಹೋಗಬಾರದು. ಬಿಡುವುದಕ್ಕೆ ದಾರಿ ಕೊಡಬೇಕು.

ಆ ದಾರಿ ಸುಣ್ಣ. ನಾನು ಸಣ್ಣವನಿದ್ದಾಗ ನಮ್ಮ ಮನೆಗೆ ಸುಣ್ಣ ಬಳಿಯುವ ಮೊದಲು ಅಂಗಳದ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದರು. ಹೊಳೆಯ ಚಿಪ್ಪು ಸುಟ್ಟ ಸುಣ್ಣವನ್ನು ಅದರಲ್ಲಿ ಸುರಿದು ನೀರು ಹೊಯ್ದರೆ 'ಚುಂಯ್' ಅಂತ ಶಬ್ದ, ಆಮೇಲೆ ಕೊತಕೊತ ಕುದಿ. ಕೆಳಗೆ ಬೆಂಕಿಯೇ ಇಲ್ಲ! ಅಜ್ಜಿ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಮರುವಾಯಿ ತಿಂದು ಬಿಸಾಡಿದ ಚಿಪ್ಪು ಮತ್ತು ಈ ಸುಣ್ಣ ಮೂಲತಃ ಒಂದೇ ಸಾಮಾನು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟಾಗ ಅದರ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ನೀರು ಸೇರಿಸಿದರೆ ಸುಣ್ಣ ಅರಳುತ್ತದೆ. ಗೋಡೆಗೆ ಸಾರಣೆ ಮಾಡಿದ ಮೇಲೆ ಅದು ಗಾಳಿಯಲ್ಲಿರುವ ಅದೇ ಅನಿಲವನ್ನು ನಿಧಾನವಾಗಿ ಎಳೆದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ಗೋಡೆ ಮತ್ತೆ ಚಿಪ್ಪಾಗುತ್ತದೆ. ಇಷ್ಟನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಫ್ರೆಸ್ಕೊ ಅಂದರೆ ಏನು ಎಂದು ಹೇಳುವಾಗ ಇದೇ ಬೇಕಾಗುವುದು.

ಮೂರನೆಯದು ಹಂಚು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರದು ಪ್ರಾಟೆಸ್ಟಂಟ್ ಮಿಶನ್. ಬಲ್ಮಠದ ಶಾಂತಿ ಕೆಥೆಡ್ರಲ್ ಅವರದೇ, 1862ರದ್ದು. ಆ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಅನ್ನುವವರು 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನದಿಯ ಜೇಡಿ, ಗುಡ್ಡದ ಕಟ್ಟಿಗೆ, ಸಾಗಿಸಲು ಬಂದರು, ಎಲ್ಲ ಹತ್ತಿರ. ಅದಕ್ಕೂ ಮೊದಲು ಇದ್ದದ್ದು ಮುಳಿಹುಲ್ಲು, ಇಲ್ಲವೆ ಕುಂಬಾರರ ನಾಡಹಂಚು. ಹೊಸ ಹಂಚಿನ ಜಾಣತನ ಇರುವುದು ಅಂಚಿನಲ್ಲಿ. ಒಂದರ ಏಣು ಪಕ್ಕದ್ದರ ಗೀರಿನಲ್ಲಿ ಕೂರುತ್ತದೆ. ನೀರು ಮೇಲಿನಿಂದ ಕೆಳಕ್ಕೆ ಕಾಲುವೆಯಲ್ಲಿ ಹರಿದ ಹಾಗೆ ಹೋಗುತ್ತದೆ. ಅಡಿಯಲ್ಲಿರುವ ಕೊಕ್ಕೆ ರೀಪಿಗೆ, ಅಂದರೆ ಮಾಡಿನ ಮರದ ಪಟ್ಟಿಗೆ, ಸಿಕ್ಕಿಕೊಳ್ಳುವುದರಿಂದ ಗಾಳಿಗೆ ಜಾರುವುದಿಲ್ಲ. ಒಡೆದರೆ ಒಂದನ್ನೇ ತೆಗೆದು ಒಂದನ್ನೇ ಹಾಕಬಹುದು. ಪ್ರಾಟೆಸ್ಟಂಟರು ತಂದ ಹಂಚು ಕಥೋಲಿಕರ ಇಗರ್ಜಿಗಳ ಮೇಲೂ ಏರಿತು, ದೇವಸ್ಥಾನ, ಮಸೀದಿಗಳ ಮೇಲೂ ಏರಿತು. ಮಳೆಗೆ ಎಂತ ಜಾತಿ ಮಾರಾಯ್ರೆ.

ಕಡಿದಾದ ಹಂಚಿನ ಮಾಡು, ಹೊರಗೆ ಚಾಚಿದ ಸೂರು, ಸುಣ್ಣದ ಸಾರಣೆಯ ದಪ್ಪ ಗೋಡೆ. ಈ ಮೂರೂ ಸರಿ ಇದ್ದರೆ ಒಳಗಿನ ಗೋಡೆ ಮಂಗಳೂರಿನ ಆಷಾಢದಲ್ಲೂ ಬೆಚ್ಚಗಿರುತ್ತದೆ. 1899ರಲ್ಲಿ ಬಣ್ಣದ ಡಬ್ಬಿ ಹಿಡಿದುಕೊಂಡು ಒಳಗೆ ಬಂದವರಿಗೆ ಸಿಕ್ಕಿದ್ದು ಇಂಥ ಗೋಡೆ.

ಅವರ ಹೆಸರು ಅಂತೋನಿಯೊ ಮೊಸ್ಕೇನಿ. ಎಷ್ಟೋ ಕಡೆ 'ಮೊಶೆನಿ', 'ಮೊಸ್ಚೆನಿ' ಎಂದೆಲ್ಲ ಬರೆಯುತ್ತಾರೆ, ಇಟಾಲಿಯನ್‌ನಲ್ಲಿ ಅದು 'ಕೇ'. ಇನ್ನೊಂದು ತಪ್ಪು 'ಫಾದರ್' ಅನ್ನುವುದು. ಅವರು ಪಾದ್ರಿ ಅಲ್ಲ, ಬ್ರದರ್. 1854ರಲ್ಲಿ ಉತ್ತರ ಇಟಲಿಯ ಬೆರ್ಗಮೊ ಪಕ್ಕದ ಸ್ಟೆಜ್ಜಾನೊದಲ್ಲಿ ಹುಟ್ಟಿದರು. ಬೆರ್ಗಮೊದ ಕರಾರಾ ಅಕಾಡೆಮಿಯಲ್ಲಿ ಚಿತ್ರ ಕಲಿತರು. ಅಲ್ಲಿಯ ಚರ್ಚುಗಳಿಗೆ ಚಿತ್ರ ಬರೆದು ಹೆಸರು ಮಾಡಿದ ಮೇಲೆ, 1889ರಲ್ಲಿ, ಯೇಸುಸಭೆ ಸೇರಿದರು. ಆಗಲೇ ಮೂವತ್ತೈದು ದಾಟುತ್ತಾ ಬಂದಿತ್ತು. ಮಂಗಳೂರಿಗೆ ಬಂದಾಗ ನಲವತ್ತನಾಲ್ಕು-ನಲವತ್ತೈದು. ಅಷ್ಟು ವಯಸ್ಸಿಗೆ ಅಟ್ಟಣಿಗೆ ಹತ್ತಿ, ತಲೆಯೆತ್ತಿಕೊಂಡು, ನಮ್ಮ ಸೆಕೆಯಲ್ಲಿ 1899ರಿಂದ 1901ರವರೆಗೆ ಬರೆದರು. ಏಪ್ರಿಲ್ ತಿಂಗಳಲ್ಲಿ ಹಂಚಿನ ಮಾಡಿನ ಅಡಿಯಲ್ಲಿ ಅಟ್ಟಣಿಗೆ ಮೇಲೆ ನಿಂತು ನೋಡಿದವನು ನಾನು. ಬರೆಯುವುದು ಹಾಗಿರಲಿ, ನಿಲ್ಲುವುದೇ ಕಷ್ಟ.

ಈಗ ಫ್ರೆಸ್ಕೊನಾ ಕ್ಯಾನ್ವಾಸಾ ಅನ್ನುವ ಜಗಳ. ಇಬ್ಬರೂ ಅರ್ಧರ್ಧ ಸರಿ. ಗೋಡೆಯ ಮೇಲಿನದು ಫ್ರೆಸ್ಕೊ. ಮೇಲೆ ಚಾವಣಿಯದ್ದು ಕ್ಯಾನ್ವಾಸಿನ ಮೇಲೆ ಬರೆದ ಎಣ್ಣೆಬಣ್ಣದ ಚಿತ್ರಗಳು.

'ಫ್ರೆಸ್ಕೊ' ಅಂದರೆ ಇಟಾಲಿಯನ್‌ನಲ್ಲಿ ತಾಜಾ. ಬಂದರಿಗೆ ಬೆಳಿಗ್ಗೆ ಬಂದ ಮೀನಿಗೂ ಅವರು ಅದೇ ಶಬ್ದ ಹೇಳುತ್ತಾರೆ. ಇಲ್ಲಿ ತಾಜಾ ಅಂದರೆ ಹಸಿ ಸಾರಣೆ. ಮೊದಲು ಗೋಡೆಗೆ ಒರಟು ಪದರ. ಅದು ಗಟ್ಟಿಯಾದ ಮೇಲೆ ಅಂದು ಎಷ್ಟು ಬರೆಯಬಹುದೋ ಅಷ್ಟೇ ಜಾಗಕ್ಕೆ ನಯವಾದ ತೆಳು ಪದರ. ಅದು ಹಸಿ ಇರುವಾಗಲೇ ಬಣ್ಣ ಹಾಕಬೇಕು. ಬಣ್ಣಕ್ಕೆ ಅಂಟು ಇಲ್ಲ, ಎಣ್ಣೆ ಇಲ್ಲ, ಬರೀ ಪುಡಿ ಮತ್ತು ನೀರು. ಹಸಿ ಸುಣ್ಣ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ನಾನು ಹೇಳಿದ ಕೆಲಸ ಶುರು. ಸುಣ್ಣ ಗಾಳಿ ಕುಡಿದು ಮತ್ತೆ ಕಲ್ಲಾಗುತ್ತದೆ, ಬಣ್ಣದ ಪುಡಿ ಆ ಕಲ್ಲಿನೊಳಗೇ ಸಿಕ್ಕಿಬೀಳುತ್ತದೆ. ನಮ್ಮ ಮನೆಯ ಪೇಂಟ್ ಗೋಡೆಯ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆ ಇದ್ದ ಹಾಗೆ. ಫ್ರೆಸ್ಕೊದ ಬಣ್ಣ ಗೋಡೆಯದ್ದೇ ಭಾಗ. ಹಾಳೆ ಎದ್ದು ಬರಬಹುದು, ಗೋಡೆ ಎದ್ದು ಬರುವುದು ಹೇಗೆ?

ನೀವು ಚಿತ್ರ ಕಲಿಸುವವರು, ಹಾಗಾಗಿ ಇದರ ಕಷ್ಟ ನಿಮಗೆ ಬೇಗ ಅರ್ಥವಾಗುತ್ತದೆ. ರಬ್ಬರ್ ಇಲ್ಲ. ಸಾರಣೆ ಹಸಿ ಇರುವುದು ಕೆಲವೇ ಗಂಟೆ. ತಪ್ಪಾದರೆ ಕರಣೆಯಲ್ಲಿ ಕೆತ್ತಿ ತೆಗೆದು, ಮತ್ತೆ ಸಾರಣೆ ಮಾಡಿ, ಮತ್ತೆ ಬರೆಯಬೇಕು. ಹಸಿ ಇರುವಾಗ ಕಾಣುವ ಬಣ್ಣ ಬೇರೆ, ಒಣಗಿದ ಮೇಲೆ ಅದು ಪೇಲವವಾಗುತ್ತದೆ. ನಿನ್ನೆ ಬರೆದ ಕೆನ್ನೆಗೂ ಇವತ್ತು ಬರೆಯುವ ಕತ್ತಿಗೂ ಬಣ್ಣ ಕೂಡಬೇಕಾದರೆ ಒಣಗಿದ ಮೇಲೆ ಹೇಗಿರುತ್ತದೆ ಅಂತ ಕೈಗೆ ಗೊತ್ತಿರಬೇಕು. ಎಲ್ಲ ಬಣ್ಣವೂ ಆಗುವುದಿಲ್ಲ. ಸುಣ್ಣ ಖಾರ, ಎಷ್ಟೋ ಬಣ್ಣಗಳನ್ನು ಸುಟ್ಟುಬಿಡುತ್ತದೆ. ಕಾವಿಯಂಥ ಕೆಂಪು, ಹಳದಿ, ಕಂದು ಮಣ್ಣುಗಳು ತಡೆದುಕೊಳ್ಳುತ್ತವೆ. ನಮ್ಮ ಕರಾವಳಿಯ ಹಳೆ ದೇವಸ್ಥಾನಗಳ ಕಾವಿ ಕೆಲಸವೂ ಸುಣ್ಣ ಮತ್ತು ಕೆಮ್ಮಣ್ಣಿನ ಸ್ನೇಹವೇ ಅಲ್ವಾ. ಮಕ್ಕಳಿಗೆ ಇದನ್ನು ಜೋಡಿಸಿ ಹೇಳಿ, ಇಟಲಿ ಅಷ್ಟೇನೂ ದೂರ ಅನ್ನಿಸುವುದಿಲ್ಲ.

ಗೋಡೆಗೆ ಚಿತ್ರ ಇಳಿಸುವ ಉಪಾಯವೂ ನಮಗೆ ಹೊಸದಲ್ಲ. ಫ್ರೆಸ್ಕೊದವರು ದೊಡ್ಡ ಕಾಗದದ ಮೇಲೆ ಗೆರೆಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ತೂತು ಮಾಡುತ್ತಾರೆ. ಅದನ್ನು ಗೋಡೆಗೆ ಹಿಡಿದು ಇದ್ದಿಲ ಪುಡಿಯ ಬಟ್ಟೆಗಂಟನ್ನು ತಟ್ಟುತ್ತಾರೆ. ಚುಕ್ಕಿಚುಕ್ಕಿಯಾಗಿ ಚಿತ್ರ ಇಳಿಯುತ್ತದೆ. ರವಿಕೆಗೆ ಎಂಬ್ರಾಯ್ಡರಿ ಹಾಕುವವರು ಟ್ರೇಸಿಂಗ್ ಕಾಗದದಲ್ಲಿ ಮಾಡುವುದು ಇದನ್ನೇ. ರಂಗೋಲಿಯ ತೂತಿನ ಅಚ್ಚು ಕೂಡ ಹೀಗೇ.

ಇದಕ್ಕೆಲ್ಲ ನಮ್ಮ ಹವೆ ಶತ್ರು ಅಂತ ಜನ ತಿಳಿದಿದ್ದಾರೆ. ಪೂರ್ತಿ ಹಾಗಲ್ಲ. ಸುಣ್ಣ ಕಲ್ಲಾಗುವುದಕ್ಕೆ ಗಾಳಿಯಲ್ಲಿ ಸ್ವಲ್ಪ ಪಸೆ ಬೇಕು. ಬಿರುಬಿಸಿಲಿನ ಒಣ ಊರಿನಲ್ಲಿ ಸಾರಣೆ ಬೇಗ ಒಣಗಿ ಬಿರಿಯುತ್ತದೆ. ಇಲ್ಲಿ ನಿಧಾನಕ್ಕೆ ಒಣಗುತ್ತದೆ, ಬರೆಯುವವನಿಗೂ ಸ್ವಲ್ಪ ಜಾಸ್ತಿ ಹೊತ್ತು ಸಿಗುತ್ತದೆ. ಮಾಡಿನಿಂದ ಸೋರುವ ನೀರು, ಬುಡದಿಂದ ಏರುವ ನೀರು, ಆ ನೀರು ಹೊತ್ತು ತರುವ ಉಪ್ಪು, ಇವು ನಿಜವಾದ ಶತ್ರುಗಳು. ಉಪ್ಪು ಸಾರಣೆಯ ಒಳಗೆ ಹರಳುಗಟ್ಟಿದರೆ ಬಣ್ಣವನ್ನು ಒಳಗಿನಿಂದ ತಳ್ಳಿ ಉದುರಿಸುತ್ತದೆ.

ಚಾವಣಿಗೆ ಯಾಕೆ ಕ್ಯಾನ್ವಾಸ್ ಅಂತ ಕೇಳುತ್ತೀರಿ. ಫ್ರೆಸ್ಕೊಗೆ ಗಟ್ಟಿಯಾದ, ಅಲುಗಾಡದ ಗಾರೆಯ ಮೈ ಬೇಕು. ಹಂಚಿನ ಮಾಡು ಮರದ ಮೇಲೆ ನಿಂತದ್ದು. ಪಕ್ಕಾಸು, ರೀಪು ಎಲ್ಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಸೊರಗುತ್ತವೆ. ಅದರ ಅಡಿಯಲ್ಲಿ ಸುಣ್ಣದ ಹೊಪ್ಪಳೆ ಬಿರಿಯದೆ ಉಳಿಯುವುದು ಕಷ್ಟ. ಬಟ್ಟೆ ಸ್ವಲ್ಪ ಬಳುಕುತ್ತದೆ, ಎಣ್ಣೆಬಣ್ಣವೂ ಸ್ವಲ್ಪ ಬಳುಕುತ್ತದೆ. ಇದು ನನ್ನ ಎಂಜಿನಿಯರ್ ಬುದ್ಧಿಗೆ ಹೊಳೆಯುವ ಕಾರಣ. ಆದರೆ ಬಟ್ಟೆಗೆ ಅದರದ್ದೇ ಕಾಟಗಳಿವೆ: ಬೂಷ್ಟು, ಗೆದ್ದಲು, ಸಡಿಲಾಗಿ ಜೋತುಬೀಳುವುದು. ಎಣ್ಣೆಬಣ್ಣದ ಮೇಲಿನ ವಾರ್ನಿಷ್ ವರ್ಷ ಹೋದಂತೆ ಹಳದಿಯಾಗಿ ಮಬ್ಬಾಗುತ್ತದೆ.

ಹಾಗಾಗಿ ಯಾರಾದರೂ "ಬರೆದ ಮೇಲೆ ಇದನ್ನು ಮುಟ್ಟಿಯೇ ಇಲ್ಲ" ಎಂದರೆ ನಂಬಬೇಡಿ. 1991ರಿಂದ 1994ರವರೆಗೆ, ಹಳೆ ಕಟ್ಟಡ, ಕಲೆಗಳನ್ನು ಉಳಿಸುವ ಇನ್‌ಟ್ಯಾಕ್ ಸಂಸ್ಥೆಯವರು ಇಲ್ಲಿ ದೊಡ್ಡ ಮಟ್ಟದ ಸಂರಕ್ಷಣೆ ಕೆಲಸ ಮಾಡಿದ್ದಾರೆ. ಮೊಸ್ಕೇನಿಗೆ ಸಿಗುವ ಹೊಗಳಿಕೆಯಲ್ಲಿ ಒಂದು ಪಾಲು ಆ ಹತ್ತಿ-ಬ್ರಷ್ ಹಿಡಿದು ಕೂತವರಿಗೂ ಸಲ್ಲಬೇಕು.

'ಭಾರತದ ಸಿಸ್ಟೀನ್ ಚಾಪೆಲ್' ಅನ್ನುವ ಬಿರುದು ನನಗೆ ಅಷ್ಟು ಇಷ್ಟವಿಲ್ಲ. ಮೈಕೆಲ್ ಆಂಜೆಲೊ ರೋಮ್‌ನಲ್ಲಿ 1508ರಿಂದ 1512ರವರೆಗೆ ಬರೆದದ್ದು ಚಾವಣಿಗೇ ಫ್ರೆಸ್ಕೊ. ಇಲ್ಲಿ ಗೋಡೆಗೆ ಫ್ರೆಸ್ಕೊ, ಚಾವಣಿಗೆ ಬಟ್ಟೆ. ಅಲ್ಲಿನದು ಪೋಪರ ಚಾಪೆಲ್, ಇಲ್ಲಿನದು ಕಾಲೇಜು ಹುಡುಗರದ್ದು. ಚಾವಣಿಯಲ್ಲಿರುವುದು ಅಲೋಶಿಯಸ್ ಗೊನ್ಜಾಗ ಅನ್ನುವ ಹುಡುಗನ ಬದುಕು. 1568ರಲ್ಲಿ, ಅಂದರೆ ನಮ್ಮ ರೊಜಾರಿಯೊ ಶುರುವಾದ ವರ್ಷವೇ, ಇಟಲಿಯ ಸಿರಿವಂತ ಪಾಳೆಯಗಾರರ ಮನೆಯಲ್ಲಿ ಹಿರಿಮಗನಾಗಿ ಹುಟ್ಟಿದವನು. ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ. ರೋಮ್‌ನಲ್ಲಿ ಸಾಂಕ್ರಾಮಿಕ ರೋಗ ಬಂದಾಗ ರೋಗಿಗಳನ್ನು ಹೊತ್ತು ತಂದು ಆರೈಕೆ ಮಾಡುತ್ತಾ, ಅದೇ ರೋಗ ತಗುಲಿ 1591ರಲ್ಲಿ ತೀರಿಕೊಂಡ. ವಯಸ್ಸು 23. ಅವನ ಊರೂ ಮೊಸ್ಕೇನಿಯ ಊರೂ ಲೊಂಬಾರ್ದಿ ಸೀಮೆಯವೇ. ತನ್ನ ಸೀಮೆಯ ಹುಡುಗನ ಕತೆಯನ್ನು ಸಮುದ್ರ ದಾಟಿ ಬಂದು ಬಾವುಟಗುಡ್ಡೆಯಲ್ಲಿ ಬರೆದ ಹಾಗಾಯಿತು. ಚಾವಣಿಯ ಓರೆ ಭಾಗದಲ್ಲಿ ಯೇಸುವಿನ ಶಿಷ್ಯರು ಸಾಲಾಗಿ ಇದ್ದಾರಲ್ಲ, ಅವರ ಸುತ್ತಿನ ಹೂಮಾಲೆಗಳೂ ಲೊಂಬಾರ್ದಿಯ ರೂಢಿಯವು. ನಮ್ಮ ಮಕ್ಕಳು ಅದನ್ನು ಮದುವೆ ಮಂಟಪದ ಮಾಲೆ ಅಂದರೂ ತಪ್ಪೇನಿಲ್ಲ.

ಮಂಗಳೂರಿನ ನಂತರ ಮೊಸ್ಕೇನಿ ಕೊಚ್ಚಿಯ ಸಾಂತಾ ಕ್ರೂಸ್ ಇಗರ್ಜಿಗೆ ಬರೆಯಲು ಹೋದರು. ಜೊತೆಗೆ ಮಂಗಳೂರಿನ ಶಿಷ್ಯ ಒಬ್ಬರಿದ್ದರು, ಡಿ ಗಾಮಾ ಎಂದು. 1905ರ ನವೆಂಬರಿನಲ್ಲಿ, ಆ ಇಗರ್ಜಿ ಉದ್ಘಾಟನೆಗೆ ಇನ್ನು ನಾಲ್ಕೇ ದಿನ ಇರುವಾಗ, ಮೊಸ್ಕೇನಿ ಕೊಚ್ಚಿಯಲ್ಲೇ ತೀರಿಕೊಂಡರು.

ಈಗ ನನ್ನದೊಂದು ತಪ್ಪು ಹೇಳಿಬಿಡುತ್ತೇನೆ. ನಿಮ್ಮ ಹುಡುಗನ ಪ್ರಶ್ನೆಗೆ ಅದರಲ್ಲಿ ನೇರ ಉತ್ತರ ಇದೆ. ಇಪ್ಪತ್ತೈದು ವರ್ಷದ ಹಿಂದೆ, ಹಳ್ಳಿ ಕಡೆಯ ಒಂದು ಹಳೆ ಇಗರ್ಜಿಯ ಸಾರಣೆ ಉದುರುತ್ತಿತ್ತು. ನಾನಾಗ ಹೊಸ ಹುಮ್ಮಸ್ಸಿನವ. ಸುಣ್ಣ ಕೆತ್ತಿ ತೆಗೆಸಿ ಗಟ್ಟಿ ಸಿಮೆಂಟ್ ಸಾರಣೆ ಮಾಡಿಸಿದೆ. ಕೆಲಸಕ್ಕಿದ್ದ ಮುದುಕ ಮೇಸ್ತ್ರಿ ಒಂದೇ ಮಾತು ಹೇಳಿದರು: "ಈ ಕಲ್ಲಿಗೆ ಉಸಿರು ಬೇಕು ಸರ್." ನಾನು ನಕ್ಕೆ. ಮೂರನೇ ಮಳೆಗಾಲ ಮುಗಿದ ಮೇಲೆ ಕರೆ ಬಂತು. ಹೋಗಿ ನಾಣ್ಯದಲ್ಲಿ ತಟ್ಟಿದರೆ ಗೋಡೆ ತೆಂಗಿನ ಗೆರಟೆಯ ಹಾಗೆ ಟೊಳ್ಳು ಶಬ್ದ ಮಾಡುತ್ತಿತ್ತು. ಒಂದು ಕಡೆ ಉಳಿ ಹಾಕಿದ್ದೇ ಅಂಗೈಯಗಲದ ತುಂಡು ಪೂರ್ತಿ ಕಳಚಿ ಬಂತು. ಅದರ ಹಿಂದೆ ಮುರಕಲ್ಲು ಒದ್ದೆ ಬೆಲ್ಲದಂತೆ ಮೆತ್ತಗೆ, ಬೆರಳು ಒತ್ತಿದರೆ ಕೆಂಪು ಬಂತು. ಕಲ್ಲು ಕುಡಿದ ನೀರಿಗೆ ಹೊರಗೆ ಹೋಗಲು ಸಿಮೆಂಟ್ ದಾರಿ ಬಿಟ್ಟಿರಲಿಲ್ಲ. ಎಲ್ಲ ತೆಗೆಸಿ, ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟು, ಮತ್ತೆ ಸುಣ್ಣದಲ್ಲೇ ಮಾಡಿಸಿದೆ. ಅಷ್ಟರಲ್ಲಿ ಆ ಮೇಸ್ತ್ರಿ ಕೆಲಸ ಬಿಟ್ಟಿದ್ದರು. ಅವರ ಮನೆಗೆ ಹೋಗಿ ಹೇಳಿ ಬಂದೆ.

ಡಿಸೆಂಬರಿನಲ್ಲಿ ಮಕ್ಕಳನ್ನು ಕರೆತಂದಾಗ ಹೀಗೆ ಮಾಡಿ. ಒಳಗೆ ಹೋದ ಕೂಡಲೇ ಮೇಲೆ ನೋಡಲು ಬಿಡಬೇಡಿ. ಮೊದಲು ಕಂಬ, ಕಮಾನುಗಳ ಅಂಚಿನ ಉಬ್ಬು ಕೆತ್ತನೆಗಳನ್ನು ತೋರಿಸಿ, ಯಾವುದು ನಿಜವಾದ ಉಬ್ಬು, ಯಾವುದು ಬಣ್ಣದಲ್ಲಿ ಬರೆದ ಉಬ್ಬು ಎಂದು ಕೇಳಿ. ಮುಟ್ಟುವ ಹಾಗಿಲ್ಲ, ಬರೀ ಕಣ್ಣು. ನೆರಳು ಬೀಳುವ ದಿಕ್ಕು ನೋಡಿ ಹೇಳಬೇಕು. ಶೇಡಿಂಗ್ ಪಾಠ ಒಂದು ಗಂಟೆ ಮಾಡಿದರೂ ಬಾರದ್ದು ಇಲ್ಲಿ ಹತ್ತು ನಿಮಿಷಕ್ಕೆ ಬರುತ್ತದೆ. ಆಮೇಲೆ ಗೋಡೆ ಮತ್ತು ಚಾವಣಿಯ ಹೊಳಪನ್ನು ಹೋಲಿಸಿ. ಎಣ್ಣೆಬಣ್ಣ ಬೆಳಕಿಗೆ ಸ್ವಲ್ಪ ಮಿಂಚುತ್ತದೆ, ಫ್ರೆಸ್ಕೊ ಮಿಂಚುವುದಿಲ್ಲ, ಸೀಮೆಸುಣ್ಣದ ಹಾಗೆ ಮಂಕಾಗಿರುತ್ತದೆ. ಕಿಟಕಿಯಿಂದ ಓರೆ ಬೆಳಕು ಬೀಳುವ ಹೊತ್ತಿಗೆ ಹೋದರೆ ಒಳ್ಳೆಯದು.

ಸಮಯ ಇದ್ದರೆ ಬಸ್ಸು ಮೈದಾನದ ಹತ್ತಿರ ಬಿಟ್ಟು ನಡೆಸಿಕೊಂಡೇ ಹೋಗಿ: ಸೇಂಟ್ ಪಾಲ್ಸ್, ಮಿಲಾಗ್ರಿಸ್, ಬಾವುಟಗುಡ್ಡೆ, ಕೊನೆಗೆ ಬಲ್ಮಠದ ಶಾಂತಿ ಕೆಥೆಡ್ರಲ್. ಒಂದು ಬೆಳಿಗ್ಗೆಯ ಕೆಲಸ. ಪ್ರಾಟೆಸ್ಟಂಟರ ಕಡೆ ಒಳಗೆ ಚಿತ್ರ ಹುಡುಕಿದರೆ ಇಂಥದ್ದು ಸಿಗುವುದಿಲ್ಲ, ಅವರಿಗೆ ಅದು ಬೇಕಿರಲೂ ಇಲ್ಲ. ಆ ವ್ಯತ್ಯಾಸವನ್ನು ಮಕ್ಕಳೇ ಗಮನಿಸಲಿ, ನೀವು ಹೇಳಬೇಡಿ.

ಆ ಹುಡುಗನ ಮನೆ ಗೋಡೆಯ ವಿಷಯ. ಮನೆ ಹಳೆಯದಾಗಿದ್ದು, ಮುರಕಲ್ಲಿನ ಗೋಡೆಗೆ ಸಿಮೆಂಟ್ ಸಾರಣೆ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಇದ್ದರೆ, ಎಷ್ಟು ದುಬಾರಿ ಪೇಂಟ್ ತಂದರೂ ಗುಳ್ಳೆ ಏಳುತ್ತದೆ. ಸುಮ್ನೆ ಪೇಂಟ್ ಕಂಪನಿ ಬದಲಿಸಿ ದುಡ್ಡು ಹಾಳು ಮಾಡಬೇಡಿ ಅಂತ ಅವನ ಅಪ್ಪನಿಗೆ ಹೇಳಿ. ಮೊದಲು ಏಣಿ ಹಾಕಿ ಮಾಡು ನೋಡಿಸಲಿ. ಒಡೆದ ಹಂಚು, ಜಾರಿದ ಹಂಚು, ಕೊಳೆತ ರೀಪು ಇದ್ದರೆ ಬದಲಿಸಲಿ. ದಂಬೆಯಲ್ಲಿ (ಮಾಡಿನ ನೀರು ಹರಿಯುವ ಕಾಲುವೆಯಲ್ಲಿ) ತರಗೆಲೆ ಕಟ್ಟಿಕೊಂಡಿದ್ದರೆ ತೆಗೆಸಲಿ. ಗೋಡೆಯ ಬುಡಕ್ಕೆ ತಾಗಿ ಹಾಕಿದ ಮಣ್ಣು, ಹೂವಿನ ಚಟ್ಟಿಗಳ ಸಾಲು ಸ್ವಲ್ಪ ದೂರ ಸರಿಯಲಿ. ಗೋಡೆ ಒಣಗಿದ ಮೇಲೆ ಸುಣ್ಣ ಬಳಿಯಲಿ. ಮೈಗೆ ತಾಗಿದರೆ ಬಿಳಿ ಅಂಟುತ್ತದೆ, ಅದೊಂದು ಸಹಿಸಿಕೊಳ್ಳಬೇಕು. ಇದೆಲ್ಲ ಮೇ ತಿಂಗಳ ಮೊದಲ ವಾರದೊಳಗೆ ಆಗಬೇಕು. ಆಮೇಲೆ ಊರಿನ ಯಾವ ಮೇಸ್ತ್ರಿಯೂ ಫೋನ್ ಎತ್ತುವುದಿಲ್ಲ.